ಒಂದೇ ಕಂಜಿಗೆ 12 ಓದು: ಯಾವುದನ್ನ ಮೊದಲು ಕಲೀಬೇಕು?

ಎರೆಹೊಲ (ಯಾದಗಿರಿ) ಕೇಳಿದ್ದು:

ಜಪಾನಿ ಭಾಷೆ ಬಲ್ಲವರಿಗೆ ಒಂದು ಪ್ರಶ್ನೆ. ಡಿಸೆಂಬರ್‌ನ ಎನ್5 ಪರೀಕ್ಷೆಗೆ (ಜಪಾನಿ ಭಾಷಾ ಪರೀಕ್ಷೆಯ ಐದು ಹಂತದಾಗ ಎಲ್ಲಕ್ಕಿಂತ ಸುಲಭದ್ದು) ತಯಾರಿ ನಡದದ. ಹಿರಗನ, ಕತಕನ (ಉಚ್ಚಾರ ಬರಿಯೋ ಎರಡು ಅಕ್ಷರಮಾಲೆ) ಮುಗಿದಾವ. ಕಂಜಿ (ಚೀನಾದಿಂದ ಬಂದ, ಅರ್ಥ ಹೇಳೋ ಅಕ್ಷರ) 60ರಷ್ಟು ಗುರುತು ಸಿಗ್ತಾವ. ಆದ್ರ ಒಂದು ಕಂಜಿ ಹತ್ರ ಬಂದು ಎಲ್ಲಾ ಗೊಂದಲ ಆಗ್ಯದ.

ಇಲ್ಲಿ ಕಂಜಿ ಹಾಕಿದ್ರ ಬರೇ ಖಾಲಿ ಡಬ್ಬಿ ಮೂಡ್ತದ, ಅದಕ್ಕ ಆಕಾರ ಮಾತಿನಾಗೇ ಹೇಳ್ತೀನಿ. ಒಟ್ಟು 5 ಗೆರೆ: ಎಡಕ್ಕ ಮ್ಯಾಲೊಂದು ಸಣ್ಣ ಓರೆ ಗೆರೆ, ಮೂರು ಅಡ್ಡ ಗೆರೆ, ನಡುವ ಒಂದು ನಿಂತ ಗೆರೆ. ವಿದ್ಯಾರ್ಥಿ ಅನ್ನೋ ಅರ್ಥದ ‘ಗಕುಸೇ’ ಶಬ್ದದಾಗ ಎರಡನೇ ಕಂಜಿ ಇದೇ.

ನಿಘಂಟಿನಾಗ ಇದಕ್ಕ ಕೊಟ್ಟ ಓದು, ಅಂದ್ರ ಉಚ್ಚಾರ: ಸೇ, ಶೋ, ಇಕಿರು, ಇಕಸು, ಇಕೆರು, ಉಮರೆರು, ಉಮು, ಒಉ, ಹಎರು, ಹಯಸು, ಕಿ, ನಮ. ಒಟ್ಟು 12. ಅರ್ಥನೂ ಒಂದಲ್ಲ: ಬದುಕು, ಹುಟ್ಟು, ಹಡಿ, ಮೊಳಿ, ಹಸಿ. ಇವಿಷ್ಟೂ ಬಾಯಿಪಾಠ ಮಾಡಬೇಕೇನು? ಶಬ್ದ ಕಣ್ಣಮುಂದ ಬಂದಾಗ ಈ ಹನ್ನೆರಡರಾಗ ಯಾವುದು ಅಂತ ಹ್ಯಾಂಗ ತಿಳಕೋಬೇಕು?

ಬೀದರ್ ಕಮಾನು (ಬೀದರ್):

ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಪಟ್ಟಿಯಾಗಿ ಕಲಿತದ್ದು ಪಟ್ಟಿಯ ಕ್ರಮದಲ್ಲೇ ಬಾಯಿಗೆ ಬರುತ್ತದೆ. ಪುಟದಲ್ಲಿ ಒಂಟಿ ಶಬ್ದ ಎದುರಾದಾಗ ಮೊದಲನೆಯದರಿಂದ ಎಣಿಸುತ್ತಾ ಹೋಗಬೇಕಾಗುತ್ತದೆ, ಪರೀಕ್ಷೆಯ ಶಬ್ದಭಾಗಕ್ಕೆ ಎನ್5ರಲ್ಲಿ ಇರುವುದೇ 20 ನಿಮಿಷ.

ನೀವು ಕೊಟ್ಟ 12 ಸರಿಯಾಗಿದೆ. ಜಪಾನ್ ಸರ್ಕಾರದ ಜೋಯೋ, ಅಂದರೆ ದಿನಬಳಕೆಯ ಕಂಜಿಗಳ ಪಟ್ಟಿಯಲ್ಲಿ (2010ರ ಪರಿಷ್ಕರಣೆಯ ನಂತರ 2136 ಕಂಜಿ) ಇದಕ್ಕೆ ಇಷ್ಟೇ ಓದುಗಳಿವೆ. ಅವನ್ನು ಮೂರು ಗುಂಪು ಮಾಡಿ ನೋಡಿ. ‘ಸೇ’, ‘ಶೋ’ ಎರಡು ಚೀನಾದಿಂದ ಬಂದವು, ಒನ್ ಓದು. ಉಳಿದ ಹತ್ತು ಅಚ್ಚ ಜಪಾನಿ, ಕುನ್ ಓದು. ಆ ಹತ್ತರಲ್ಲಿ ಎಂಟಕ್ಕೆ ಬಾಲವಿದೆ, ‘ಕಿ’ ಮತ್ತು ‘ನಮ’ ಎರಡಕ್ಕೆ ಬಾಲವಿಲ್ಲ.

ಬಾಲ ಎಂದರೆ ಕಂಜಿಯ ಹಿಂದೆ ಹಿರಗನದಲ್ಲಿ ಬರೆಯುವ ತುಂಡು, ಒಕುರಿಗನ. ಕಂಜಿ ಧಾತುವನ್ನು ಹಿಡಿದಿರುತ್ತದೆ, ಬಾಲ ಪ್ರತ್ಯಯವನ್ನು ಹಿಡಿದಿರುತ್ತದೆ. ‘ಇಕಿರು’ ಬರೆಯುವಾಗ ಕಂಜಿಯ ಪಾಲು ‘ಇ’ ಮಾತ್ರ, ‘ಕಿರು’ ಹೊರಗೆ ಹಿರಗನದಲ್ಲಿ ಕಾಣುತ್ತದೆ. ‘ಉಮರೆರು’ ಬರೆಯುವಾಗ ಕಂಜಿಯ ಪಾಲು ‘ಉ’, ಹೊರಗೆ ಕಾಣುವುದು ‘ಮರೆರು’. ಹಾಗಾಗಿ ಓದು ಯಾವುದೆಂದು ಆ ಬಾಲವೇ ಹೇಳಿಕೊಡುತ್ತದೆ. ಈ ಕಂಜಿಯ ಮಟ್ಟಿಗೆ ಬಾಲದ ಮೊದಲ ಅಕ್ಷರ ನೋಡಿದರೆ ಸಾಕು:

ಕ, ಕಿ, ಕೆ ಬಂದರೆ ಕಂಜಿಯನ್ನು ‘ಇ’ ಎಂದು ಓದಿ (ಇಕಸು, ಇಕಿರು, ಇಕೆರು).
ಮ, ಮಿ, ಮು ಬಂದರೆ ‘ಉ’ (ಉಮರೆರು, ಉಮಿಮಸು, ಉಮು). ‘ಉಮು’ವಿನ ಭೂತಕಾಲ ‘ಉಂದ’, ಅಲ್ಲಿ ಬಾಲ ‘ನ್’ ಇಂದ ಶುರುವಾಗುತ್ತದೆ, ಆಗಲೂ ‘ಉ’ ಎಂದೇ.
ಎ ಅಥವಾ ಯ ಬಂದರೆ ‘ಹ’ (ಹಎರು, ಹಯಸು).
ಬರೀ ಉ ಬಂದರೆ ‘ಒ’ (ಒಉ). ಇದು ಗಿಡಗಂಟಿ ಬೆಳೆಯುವುದಕ್ಕೆ ಬಳಸುವ ಹಳೆಯ ಕಾವ್ಯದ ಮಾತು. ಸದ್ಯಕ್ಕೆ ಬಿಟ್ಟುಬಿಡಿ.

ಎಂಟು ಓದು ಇಲ್ಲಿಗೆ ನಾಲ್ಕು ಸುಳಿವಿಗೆ ಇಳಿಯಿತು. ಬಾಲವಿಲ್ಲದೆ ಪಕ್ಕದಲ್ಲಿ ಇನ್ನೊಂದು ಕಂಜಿ ಅಂಟಿಕೊಂಡಿದ್ದರೆ ಮೊದಲು ‘ಸೇ’ ಎಂದು ಊಹಿಸಿ. ಗಕುಸೇ, ಸೆನ್ಸೇ (ಗುರು), ಸೇತೊ (ಶಾಲೆಯ ವಿದ್ಯಾರ್ಥಿ), ಸೇಕತ್ಸು (ಜೀವನ ನಡೆಸುವುದು), ಜಿನ್ಸೇ (ಬಾಳು), ಏಸೇ (ನೈರ್ಮಲ್ಯ) ಎಲ್ಲವೂ ಹಾಗೆಯೇ. ತಿನ್ನುವ ವಸ್ತುವಿನ ಮುಂದೆ ಬಂದರೆ ‘ನಮ’: ನಮತಮಗೊ ಎಂದರೆ ಹಸಿ ಮೊಟ್ಟೆ.

ಎನ್5ಕ್ಕೆ ನಾಲ್ಕೇ ಶಬ್ದ ಗಟ್ಟಿ ಮಾಡಿ: ಗಕುಸೇ, ಸೆನ್ಸೇ, ಉಮರೆರು, ತಂಜೋಬಿ (ಹುಟ್ಟಿದ ದಿನ). ಪರೀಕ್ಷೆ 2010ರಲ್ಲಿ ಹೊಸ ರೂಪಕ್ಕೆ ಬಂದ ಮೇಲೆ ಅಧಿಕೃತ ಕಂಜಿಪಟ್ಟಿ ಪ್ರಕಟವಾಗಿಲ್ಲ. ‘ಎನ್5ರ ಕಂಜಿ ಇಷ್ಟೇ’ ಎಂದು ಓಡಾಡುವ ಪಟ್ಟಿಗಳೆಲ್ಲ ಅಂದಾಜಿನವು. ಆದ್ದರಿಂದಲೂ ಪಟ್ಟಿಗಿಂತ ಶಬ್ದ ಹಿಡಿಯುವುದು ಲೇಸು.

ಇನ್ನು ಅರ್ಥ. ಐದು ಅರ್ಥ ಅಂದುಕೊಂಡರೆ ಭಾರ, ಬೇರು ಒಂದೇ. ಈ ಕಂಜಿಯ ಪ್ರಾಚೀನ ರೂಪ ನೆಲ ಸೀಳಿ ಮೇಲೆ ಬಂದ ಮೊಳಕೆಯ ಚಿತ್ರ. ಕೆಳಗಿನ ಅಡ್ಡ ಗೆರೆ ನೆಲ, ಮೇಲಿನದು ಎಲೆ ಬಿಟ್ಟ ಕಾಂಡ. ಜೂನ್ ಮಳೆ ಬಿದ್ದ ಮೇಲೆ ಎರೆ ನೆಲದಲ್ಲಿ ತೊಗರಿ ಹುಟ್ಟುವುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ನಾವೂ ಬೀಜಕ್ಕೆ, ಕೂಸಿಗೆ, ಸೂರ್ಯನಿಗೆ ಒಂದೇ ‘ಹುಟ್ಟು’ ಬಳಸುತ್ತೇವೆ, ಹೊಲದ ಫಲಕ್ಕೆ ‘ಹುಟ್ಟುವಳಿ’ ಅನ್ನುತ್ತೇವೆ. ‘ಹಸಿ’ ಇಲ್ಲಿಗೆ ಹೇಗೆ ಬಂತು ಅನ್ನುವವರು ಕನ್ನಡದ ‘ಹಸಿ’ ಮತ್ತು ‘ಹಸಿರು’ ಒಂದೇ ಬೇರಿನವು ಎಂಬುದನ್ನು ನೆನೆಯಲಿ. ಜೀವ ಇನ್ನೂ ಆರಿಲ್ಲದ್ದು ಹಸಿ. ‘ಸೆನ್ಸೇ’ ಅಕ್ಷರಶಃ ‘ಮೊದಲು ಹುಟ್ಟಿದವರು’.

ಶಹಾಬಾದಿ ಫರಸಿ (ಕಲಬುರಗಿ):

ಓದಿನ ಮಾತು ಮ್ಯಾಲಿನವರು ಸರಿ ಹೇಳ್ಯಾರ. ಆಕಾರದ ಮಾತು ಉಳದದ, ಅದನ್ನ ನಾ ಹೇಳ್ತೀನಿ. ಯಾಕಂದ್ರ ಈ ಕಂಜಿ ಓದಾಕ ತಪ್ಪೋರಿಗಿಂತ ಬ್ಯಾರೆ ಕಂಜಿ ಅಂತ ತಿಳಿಯೋರು ಭಾಳ.

ಗೆರೆ ಕ್ರಮ ಹಿಂಗ:
1. ಎಡಗಡೆ ಮ್ಯಾಲಿಂದ ಕೆಳಗ ಎಡಕ್ಕ ಜಾರೋ ಸಣ್ಣ ಓರೆ ಗೆರೆ.
2. ಆ ಓರೆ ಗೆರೆ ನಡುವಿಂದ ಬಲಕ್ಕ ಹೋಗೋ ಮೊದಲನೇ ಅಡ್ಡ ಗೆರೆ.
3. ನಿಂತ ಗೆರೆ, ಮೊದಲನೇ ಅಡ್ಡ ಗೆರೆಗಿಂತ ಮ್ಯಾಲೆ ಶುರುವಾಗಿ ಕೆಳಗ ತನಕ.
4. ನಡುವಿನ ಅಡ್ಡ ಗೆರೆ.
5. ತಳದ ಅಡ್ಡ ಗೆರೆ, ಮೂರರಾಗ ಇದೇ ಎಲ್ಲಕ್ಕಿಂತ ಉದ್ದ.

ಮೂರನೇದು ನಿಂತ ಗೆರೆ, ನೆನಪಿಟ್ಟುಕೊಳ್ರಿ. ಮೊಬೈಲಿನಾಗ ಚೀನೀ ಭಾಷೆ ಕಲಿಸೋ ವಿಡಿಯೊ ನೋಡಿದ್ರ ಅಲ್ಲಿ ಎರಡು ಅಡ್ಡ ಗೆರೆ ಮೊದಲು ಎಳದು, ನಾಲ್ಕನೇದಾಗಿ ನಿಂತ ಗೆರೆ ಎಳೀತಾರ. ಚೀನಾದಾಗ ಅದೇ ಕ್ರಮ, ತಪ್ಪಲ್ಲ. ಜಪಾನಿನ ಶಾಲಿಗಳಾಗ 1958ರ ಶಿಕ್ಷಣ ಇಲಾಖೆ ಕೈಪಿಡಿ ಕ್ರಮ ನಡೀತದ, ಅದರಾಗ ನಿಂತ ಗೆರೆ ಮೂರನೇದು. ರಾಜ ಅನ್ನೋ ಕಂಜಿಗೂ ಇದೇ ಭೇದ ಅದ.

ಹೋಲಿಕೆ ಇರೋ ಕಂಜಿ ನಾಲ್ಕು. ಆಕಳ ಕಂಜಿ (ಉಶಿ): 4 ಗೆರೆ, ತಳದ ಗೆರೆ ಇಲ್ಲ, ನಿಂತ ಗೆರೆ ಕೆಳಗ ಹೊರಬಿದ್ದದ. ಮಧ್ಯಾಹ್ನದ ಕಂಜಿ (ಗೊ): ಅದೂ 4 ಗೆರೆ, ನಿಂತ ಗೆರೆ ಮ್ಯಾಲಿನ ಅಡ್ಡ ಗೆರೆ ದಾಟಂಗಿಲ್ಲ. ರಾಜನ ಕಂಜಿ (ಓ): ಓರೆ ಗೆರೆನೇ ಇಲ್ಲ. ಯಜಮಾನನ ಕಂಜಿ (ಶು): ಓರೆ ಗೆರೆ ಬದ್ಲಿ ತಲಿ ಮ್ಯಾಲೆ ಒಂದು ಚುಕ್ಕಿ, ಇದಕ್ಕೂ 5 ಗೆರೆನೇ, ಅದಕ್ಕ ಗೆರೆ ಎಣಿಸಿದ್ರ ಭೇದ ಸಿಗಂಗಿಲ್ಲ. ನಮ್ಮ ಕಂಜಿಗೆ ಎರಡು ಗುರುತು ಸಾಕು: ಎಡಕ್ಕ ಓರೆ ಗೆರೆ ಅದ, ತಳ ಮುಚ್ಚೇದ.

ಗಣಿತದ ಚೌಕುಳಿ ನೋಟ್‌ಬುಕ್ ತಗೊಳ್ರಿ. ನಾಲ್ಕು ಚೌಕ ಕೂಡಿಸಿ ಒಂದು ಮನಿ ಮಾಡ್ರಿ, ನಡುವಿನ ಗೀಟು ತಾನೇ ಅಡ್ಡ-ಉದ್ದ ಮಧ್ಯರೇಖೆ ಆಗ್ತದ. ನಿಂತ ಗೆರೆ ಆ ಮಧ್ಯರೇಖೆ ಮ್ಯಾಲೆ ಬರಬೇಕು. ದಿನಕ್ಕ ಒಂದು ಸಾಲು, 8 ಮನಿ. ಮೊದಲ 3 ನೋಡಿ ಬರೀರಿ, ಉಳಿದ 5 ಮುಚ್ಚಿ ಬರೀರಿ. ಪೂರಾ ಪುಟ ತುಂಬ ಬರದ್ರ ಹತ್ತನೇ ಸಲಕ್ಕ ಕೈ ಅಷ್ಟೇ ನಡೀತದ, ತಲಿ ನಿಂತಿರ್ತದ.

ಬೀದರ್ ಕಮಾನು (ಬೀದರ್):

ಫರಸಿ ಅವರೇ, ಗೆರೆಯ ಮಾತು ಒಪ್ಪಿದೆ. ಆದರೆ ಎನ್5ರಿಂದ ಎನ್1ರ ತನಕ ಪರೀಕ್ಷೆ ಪೂರ್ತಿ ಬಹು ಆಯ್ಕೆಯದು, ಕೈಯಲ್ಲಿ ಕಂಜಿ ಬರೆಯುವ ಪ್ರಶ್ನೆಯೇ ಇಲ್ಲ. ಡಿಸೆಂಬರ್ ಹತ್ತಿರ ಇರುವವರು ಹೋಲಿಕೆಯಿಂದ ಎಡವುವ ಕಂಜಿಗಳನ್ನು ಮಾತ್ರ ಬರೆದರೆ ಸಾಕು. ಎಲ್ಲ ಕಂಜಿಯನ್ನೂ ಬರೆಯುತ್ತ ಕೂತರೆ ಕೇಳುವ ಅಭ್ಯಾಸಕ್ಕೆ ಹೊತ್ತು ಉಳಿಯುವುದಿಲ್ಲ. ಒಟ್ಟು 180ಕ್ಕೆ 80 ಬಂದರೂ ಆಲಿಸುವ ಭಾಗದ 60ರಲ್ಲಿ 19 ಬರದಿದ್ದರೆ ಫೇಲು.

ಶಹಾಬಾದಿ ಫರಸಿ (ಕಲಬುರಗಿ):

ಪರೀಕ್ಷೆಗೆ ಅಷ್ಟೇ ಸಾಕು, ಖರೆ. ಆದ್ರ ಅಲ್ಲಿ ಹೋಗಿ ಆಸ್ಪತ್ರಿ ಅಥವಾ ವೃದ್ಧಾಶ್ರಮದಾಗ ಕೆಲಸ ಮಾಡೋರು ಅರ್ಜಿ ಕೈಲೇ ತುಂಬಬೇಕಾಗ್ತದ. ಎಲ್ಲಾ ಅರ್ಜಿಯಾಗೂ ‘ಸೇನೆಂಗಪ್ಪಿ’ ಅಂತ ಒಂದು ಮನಿ ಇರ್ತದ: ಹುಟ್ಟಿದ ವರ್ಷ, ತಿಂಗಳು, ದಿನ. ಅದರ ಮೊದಲ ಕಂಜಿ ಇದೇ.

ಎರೆಹೊಲ (ಯಾದಗಿರಿ):

ಬಾಲದ ಸುಳಿವು ಭಾಳ ಉಪಯೋಗ ಆತು, ಇಬ್ಬರಿಗೂ ಧನ್ಯವಾದ. ಎರಡು ಸಂದೇಹ ಉಳದಾವ. ಒಂದು, ಚೀನಾದಿಂದ ಬಂದ ಓದು ಎರಡು ಯಾಕ? ‘ಸೇ’ ಎಲ್ಲಿ, ‘ಶೋ’ ಎಲ್ಲಿ? ಎರಡು, ತಂಜೋಬಿಯಾಗ ‘ಜೋ’ ಎಲ್ಲಿಂದ ಬಂತು? ಪಟ್ಟಿಯಾಗ ‘ಜೋ’ ಇಲ್ಲೇ ಇಲ್ಲ. ದಿನ ಅನ್ನೋದು ‘ಹಿ’ ಅಲ್ಲೇನು, ಅದು ‘ಬಿ’ ಹ್ಯಾಂಗಾತು?

ಭೀಮೆಯ ದಂಡೆ (ಕಲಬುರಗಿ):

ಈ ಎರಡೂ ಪ್ರಶ್ನೆಗೆ ಕನ್ನಡ ಬಲ್ಲವರಷ್ಟು ಸಲೀಸಾಗಿ ಉತ್ತರ ಹಿಡಿಯಬಲ್ಲವರು ಕಡಿಮೆ. ನಮ್ಮ ಭಾಷೆಯಲ್ಲಿ ಇದೆಲ್ಲ ಆಗಲೇ ನಡೆದುಹೋಗಿದೆ.

ಮೊದಲು ಎರಡು ಓದಿನ ಮಾತು. ಮನೆಯಲ್ಲಿ ಕುಡಿಯುವುದು ನೀರು. ಸಮಾಸವಾದರೆ ಜಲ: ಜಲಾಶಯ, ಜಲಚರ. ಪಾರಸಿಯಿಂದ ಬಂದದ್ದು ಆಬ್: ಗುಲಾಬಿಯಲ್ಲೂ ಅಬಕಾರಿಯಲ್ಲೂ ಅಡಗಿರುವುದು ಅದೇ ನೀರು. ಮೂರಕ್ಕೂ ಒಂದೇ ಚಿಹ್ನೆ ಬರೆಯುವ ಪದ್ಧತಿ ನಮ್ಮಲ್ಲಿದ್ದಿದ್ದರೆ, ಒಂಟಿಯಾಗಿ ಕಂಡಾಗ ‘ನೀರು’, ‘ಆಶಯ’ದ ಮುಂದೆ ಕಂಡಾಗ ‘ಜಲ’, ‘ಕಾರಿ’ಯ ಮುಂದೆ ಕಂಡಾಗ ‘ಆಬ್’ ಎಂದು ಓದುತ್ತಿದ್ದೆವು. ಅಂಕಿಗಳಲ್ಲಿ ನಾವು ಇದನ್ನು ಮಾಡುತ್ತಲೂ ಇದ್ದೇವೆ. 3 ಎಂದು ಬರೆದು ರೊಟ್ಟಿಗೆ ‘ಮೂರು’ ಅನ್ನುತ್ತೇವೆ, 300 ಎಂದು ಬರೆದು ‘ಮುನ್ನೂರು’ ಅನ್ನುತ್ತೇವೆ, 3 ಮಂದಿ ಇದ್ದರೆ ‘ಮೂವರು’.

ಜಪಾನಿಗೂ ಶಬ್ದಗಳು ಪದರ ಪದರವಾಗಿ ಬಂದಿವೆ. ‘ಶೋ’ ಹಳೆಯ ಪದರ, ಅದಕ್ಕೆ ಗೊ-ಒನ್ ಎನ್ನುತ್ತಾರೆ. 6ನೇ ಶತಮಾನದಲ್ಲಿ ಕೊರಿಯಾದ ದಾರಿಯಾಗಿ ಬೌದ್ಧಧರ್ಮ ಜಪಾನಿಗೆ ಹೋಯಿತಲ್ಲ, ಬೌದ್ಧ ಶಬ್ದಗಳು ಈ ಪದರದ ಉಚ್ಚಾರವನ್ನೇ ಉಳಿಸಿಕೊಂಡಿವೆ. ‘ಸೇ’ ಆಮೇಲಿನದು, ಕನ್-ಒನ್. 7ರಿಂದ 9ನೇ ಶತಮಾನದ ನಡುವೆ ಚೀನಾದ ತಾಂಗ್ ರಾಜವಂಶದ ರಾಜಧಾನಿ ಚಾಂಗಾನ್‌ನ ಉಚ್ಚಾರವನ್ನು ಕಲಿತು ಬಂದವರು ತಂದದ್ದು. ಹಾಗಾಗಿ ಶಾಲೆ, ವಿದ್ಯೆ, ವಿಜ್ಞಾನ, ಆಡಳಿತದ ಶಬ್ದಗಳಲ್ಲಿ ಹೆಚ್ಚಾಗಿ ‘ಸೇ’. ಧರ್ಮ ಮತ್ತು ಬಾಳುವೆಗೆ ಅಂಟಿದ ಹಳೆಯ ಶಬ್ದಗಳಲ್ಲಿ ‘ಶೋ’: ಇಶ್ಶೋ (ಇಡೀ ಜೀವಮಾನ), ಶೋಗಇ (ಆಯುಷ್ಯ), ಶುಜೋ (ಸಕಲ ಜೀವಿಗಳು), ಓಜೋ (ಬುದ್ಧಲೋಕದಲ್ಲಿ ಮರುಹುಟ್ಟು, ಬಳಕೆಯಲ್ಲಿ ಸಾವು). ಇದು ಒಲವಷ್ಟೇ, ನಿಯಮವಲ್ಲ. ತಂಜೋಬಿಯಂಥ ದಿನಬಳಕೆಯ ಶಬ್ದದಲ್ಲೂ ‘ಶೋ’ ಕೂತಿದೆ.

‘ಶುಜೋ’ ಎಂಬುದು ಸಂಸ್ಕೃತದ ‘ಸತ್ತ್ವ’ಕ್ಕೆ ಚೀನೀ ಅನುವಾದಕರು ಕೊಟ್ಟ ಶಬ್ದ. ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ಕನಗನಹಳ್ಳಿಯ ಸ್ತೂಪ ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕದಲ್ಲೇ, ಭೀಮೆಯ ದಂಡೆಯಲ್ಲಿದೆ. ಆ ಧರ್ಮದ ಮಾತುಗಳು ಅಷ್ಟು ದೂರ ಹೋಗಿ ಒಂದು ಕಂಜಿಯ ಓದಿನಲ್ಲಿ ನೆಲೆ ನಿಂತಿವೆ. ಇದನ್ನು ಮನಸ್ಸಿನಲ್ಲಿಟ್ಟರೆ ‘ಶೋ’ ಮರೆಯುವುದಿಲ್ಲ.

ಈಗ ‘ಜೋ’ ಮತ್ತು ‘ಬಿ’. ಇದು ಆದೇಶ ಸಂಧಿ. ಎಂಟನೇ ತರಗತಿಯ ವ್ಯಾಕರಣ ನೆನಪಿಸಿಕೊಳ್ಳಿ: ಉತ್ತರಪದದ ಆದಿಯ ಕ, ತ, ಪಗಳಿಗೆ ಗ, ದ, ಬ ಆದೇಶ. ಮಳೆ + ಕಾಲ = ಮಳೆಗಾಲ, ಬೆಟ್ಟ + ತಾವರೆ = ಬೆಟ್ಟದಾವರೆ, ಕಣ್ + ಪನಿ = ಕಂಬನಿ. ಜಪಾನಿಯಲ್ಲಿ ಇದರ ಹೆಸರು ರೆಂದಕು. ತೆ (ಕೈ) + ಕಮಿ (ಕಾಗದ) = ತೆಗಮಿ, ಅಂದರೆ ಪತ್ರ. ಹೊನ್ (ಪುಸ್ತಕ) + ತನ (ಕಪಾಟು) = ಹೊಂದನ. ನಮ್ಮ ಕಂಜಿಯದೇ ಶಬ್ದ ಬೇಕೆಂದರೆ ಇಕೆ + ಹನ (ಹೂ) = ಇಕೆಬನ, ಹೂ ಜೋಡಿಸುವ ಕಲೆ.

‘ಹ’ ಹೋಗಿ ‘ಬ’ ಬರುವುದು ವಿಚಿತ್ರ ಅನ್ನಿಸಬಹುದು. ಹಳಗನ್ನಡದ ‘ಪನಿ’ ನಡುಗನ್ನಡ ದಾಟಿ ‘ಹನಿ’ಯಾಯಿತು, ‘ಪೂ’ ‘ಹೂ’ ಆಯಿತು, ಆದರೆ ‘ಕಂಬನಿ’ಯ ಒಳಗೆ ಪಕಾರದ ಜೋಡಿ ‘ಬ’ ಉಳಿದುಕೊಂಡಿತು. ಜಪಾನಿಯಲ್ಲೂ ಹಿಂದೆ ‘ಪ’ ಇದ್ದದ್ದೇ ಈಗ ‘ಹ’ ಆಗಿದೆ. ಒಂಟಿಯಾಗಿದ್ದಾಗ ‘ಹನ’, ಸಮಾಸದ ಒಳಗೆ ‘ಬನ’. ಹನಿ-ಕಂಬನಿ, ಹನ-ಇಕೆಬನ. ಈ ಜೋಡಿಯನ್ನು ಪಕ್ಕಪಕ್ಕ ಬರೆದಿಟ್ಟುಕೊಳ್ಳಿ. ‘ಹಿ’ ‘ಬಿ’ ಆದದ್ದೂ ಹೀಗೆಯೇ. ಜಪಾನಿಯಲ್ಲಿ ಇನ್ನೊಂದು ಆದೇಶವೂ ಇದೆ, ಸ-ಶಗಳಿಗೆ ಜ. ತನ್ + ಶೋ = ತಂಜೋ. ನಿಘಂಟಿನಲ್ಲಿ ಮೂಲ ಓದು ‘ಶೋ’ ಮಾತ್ರ ಇರುತ್ತದೆ, ‘ಜೋ’ವನ್ನು ಬೇರೆ ಓದಾಗಿ ಎಣಿಸುವುದಿಲ್ಲ.

ಈ ಸಂಧಿ ತಡೆಯುವ ಒಂದು ನಿಯಮವೂ ಇದೆ, 1894ರಲ್ಲಿ ಅದನ್ನು ವಿವರಿಸಿದ ಲೈಮನ್ ಹೆಸರಿನಲ್ಲೇ ಕರೆಯುತ್ತಾರೆ. ಎರಡನೇ ಪದದೊಳಗೆ ಆಗಲೇ ಗ, ಜ, ದ, ಬ ಯಾವುದಾದರೂ ಇದ್ದರೆ ಆದೇಶ ಆಗುವುದಿಲ್ಲ. ಹಸಿ ಮೊಟ್ಟೆ ‘ನಮತಮಗೊ’, ‘ನಮದಮಗೊ’ ಅಲ್ಲ, ಏಕೆಂದರೆ ‘ತಮಗೊ’ದಲ್ಲಿ ‘ಗ’ಕಾರ ಆಗಲೇ ಇದೆ. ಆದೇಶ ಆಗಬಹುದಾದ ಕಡೆಯೆಲ್ಲ ಆಗಿಯೇ ತೀರುತ್ತದೆ ಅಂತಲೂ ಇಲ್ಲ. ‘ಜಿನ್ಸೇ’ಯಲ್ಲಿ ‘ನ್’ ಆದ ಮೇಲೂ ‘ಸೇ’ ಹಾಗೇ ಇದೆ. ಹೀಗಾಗಿ ಸಂಧಿ ಬಂದ ಕಾರಣ ತಿಳಿಯಲು ನಿಯಮ ಬಳಸಿ. ಬರುತ್ತದೋ ಇಲ್ಲವೋ ಎಂಬುದನ್ನು ಶಬ್ದದ ಜೊತೆಗೇ ಕಲಿಯಿರಿ.

ಬೀದರ್ ಕಮಾನು (ಬೀದರ್):

ಭೀಮೆಯ ದಂಡೆಯವರ ಮಾತಿಗೆ ಒಂದು ಸೇರಿಕೆ. ಈ ಎರಡು ಓದು ಗಟ್ಟಿ ಮಾಡಿಕೊಂಡರೆ ಇನ್ನೂ ನಾಲ್ಕು ಕಂಜಿ ಜೊತೆಗೆ ಬರುತ್ತವೆ. ನಮ್ಮ ಮೊಳಕೆ ಬಲಗಡೆಯೋ ಕೆಳಗಡೆಯೋ ಕೂತು ಧ್ವನಿ ಕೊಡುತ್ತದೆ, ಎಡಗಡೆಯ ಅಥವಾ ಮೇಲಿನ ತುಂಡು ಅರ್ಥ ಕೊಡುತ್ತದೆ. ಮನಸ್ಸಿನ ತುಂಡು ಸೇರಿದರೆ ‘ಸ್ವಭಾವ’ (8 ಗೆರೆ), ಹೆಣ್ಣಿನ ತುಂಡು ಸೇರಿದರೆ ‘ಮನೆತನದ ಹೆಸರು’ (8), ಮೇಲೆ ಸೂರ್ಯನ ತುಂಡು ಸೇರಿದರೆ ‘ನಕ್ಷತ್ರ’ (9), ಆಕಳ ತುಂಡು ಸೇರಿದರೆ ‘ಬಲಿ’ (9). ನಾಲ್ಕರ ಒನ್ ಓದೂ ‘ಸೇ’. ಮೊದಲ ಮೂರಕ್ಕೆ ‘ಶೋ’ ಕೂಡ ಇದೆ: ಅಇಶೋ (ಇಬ್ಬರ ಹೊಂದಾಣಿಕೆ), ಹ್ಯಕುಶೋ (ರೈತ), ಮ್ಯೋಜೋ (ಬೆಳ್ಳಿಚುಕ್ಕಿ). ಒಂದೇ ಜೋಡಿ ಓದು ಇಡೀ ಬಳಗದಲ್ಲಿ ಮರುಕಳಿಸುತ್ತದೆ. ಎನ್3 ತಲುಪುವ ಹೊತ್ತಿಗೆ ಇದರ ಬೆಲೆ ಗೊತ್ತಾಗುತ್ತದೆ.

‘ಉತ್ಪತ್ತಿ’ ಎಂಬರ್ಥದ 11 ಗೆರೆಯ ಕಂಜಿಯ ಒಳಗೂ ಇದೇ ಮೊಳಕೆ ಇದೆ, ಆದರೆ ಅಲ್ಲಿ ಒನ್ ಓದು ‘ಸನ್’. ಅದನ್ನು ಬಳಗದಿಂದ ಹೊರಗಿಡಿ. ಅದಕ್ಕೂ ‘ಉಮು’, ‘ಉಮರೆರು’ ಎಂಬ ಕುನ್ ಓದುಗಳಿವೆ. ಹಡೆಯುವ, ಹೆರಿಗೆಯ ಅರ್ಥ ಒತ್ತಿ ಹೇಳುವಾಗ ಆ ಕಂಜಿ ಬರುತ್ತದೆ.

ಕಾರಂಜಾ ಕಾಲುವೆ (ಬೀದರ್):

ಮೊಬೈಲಿನಲ್ಲಿ ಕಲಿಯುವವರಿಗೆ ಮೂರು ಸೂಚನೆ.

ಟೈಪಿಂಗ್. ಕಿವಿಗೆ ‘ಸೇ’ ಕೇಳುತ್ತದೆ, ಹಿರಗನದಲ್ಲಿ ಅದು ‘ಸೆ’ ಮತ್ತು ‘ಇ’ ಎರಡಕ್ಷರ. ‘ಶೋ’ ಕೇಳುತ್ತದೆ, ಬರೆಯುವುದು ‘ಶಿ’, ಪುಟ್ಟ ‘ಯೊ’, ‘ಉ’. ಕೊನೆಯ ‘ಉ’ ಬಿಟ್ಟರೆ ಬೇರೆ ಶಬ್ದವಾಗುತ್ತದೆ, ಬೇಕಾದ ಕಂಜಿ ಸಾಲಿನಲ್ಲಿ ಬರುವುದೇ ಇಲ್ಲ. ಒನ್ ಓದನ್ನು ನಿಘಂಟು ಕತಕನದಲ್ಲಿ ತೋರಿಸಿದರೂ ಇಲ್ಲಿ ಉದ್ದದ ಗೀಟು ಹಾಕುವುದಿಲ್ಲ. ಪರೀಕ್ಷೆಯ ತಪ್ಪು ಆಯ್ಕೆಗಳಲ್ಲಿ ಇದೇ ಬಲೆ: ‘ತಂಜೊಬಿ’ ಮತ್ತು ‘ತಂಜೋಬಿ’ ಎರಡನ್ನೂ ಕೊಡುತ್ತಾರೆ. ಕನ್ನಡದಲ್ಲಿ ಎ-ಏ, ಒ-ಓ ಬೇರೆ ಬೇರೆ ಅಕ್ಷರ ಇರುವುದು ದೊಡ್ಡ ಅನುಕೂಲ. ಹಿಂದಿ ಲಿಪಿಯಲ್ಲಿ ಟಿಪ್ಪಣಿ ಬರೆದುಕೊಂಡರೆ ಈ ಭೇದ ಅಳಿಸಿಹೋಗುತ್ತದೆ. ‘ಇಶ್ಶೋ’, ‘ಸೇನೆಂಗಪ್ಪಿ’ಗಳ ದ್ವಿತ್ವಕ್ಕೂ ನಮ್ಮ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಆದರೂ ಉತ್ತರ ನೋಡಿಕೊಳ್ಳುವುದು ಹಿರಗನದಲ್ಲೇ ಇರಲಿ.

ಅಕ್ಷರದ ಅಚ್ಚು. ಫೋನಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ಜಪಾನಿಯನ್ನೂ ಸೇರಿಸಿ. ಸೇರಿಸದಿದ್ದರೆ ಹಲವು ಆಂಡ್ರಾಯ್ಡ್ ಫೋನುಗಳು ಕಂಜಿಯನ್ನು ಚೀನೀ ಅಚ್ಚಿನಲ್ಲಿ ತೋರಿಸುತ್ತವೆ. ನಿಮ್ಮ ಕಂಜಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಆದರೆ ‘ನೇರ’ ಎಂಬರ್ಥದ ಕಂಜಿ, ‘ಎಲುಬು’ ಎಂಬರ್ಥದ ಕಂಜಿ ಪುಸ್ತಕದಲ್ಲಿ ಒಂದು ಥರ, ಫೋನಿನಲ್ಲಿ ಒಂದು ಥರ ಕಾಣುತ್ತವೆ. ಜಪಾನಿ ಕೀಲಿಮಣೆಯ ಜೊತೆಗೆ ಕೈಬರಹದ ಕೀಲಿಮಣೆಯನ್ನೂ ಹಾಕಿಕೊಳ್ಳಿ. ಓದು ಗೊತ್ತಿಲ್ಲದ ಕಂಜಿಯನ್ನು ಬೆರಳಿನಲ್ಲಿ ಬರೆದು ಹುಡುಕಬಹುದು.

ಕಾರ್ಡು. ಆಂಕಿ (ನೆನಪಿನ ಕಾರ್ಡುಗಳ ಆ್ಯಪ್) ಬಳಸುವವರು ಮುಂಬದಿಗೆ ಒಂಟಿ ಕಂಜಿ ಹಾಕಿ ಹಿಂಬದಿಗೆ 12 ಓದು ತುಂಬುತ್ತಾರೆ. ಅದರಲ್ಲಿ ಒಂದು ತಪ್ಪಿದರೂ ಇಡೀ ಕಾರ್ಡು ತಪ್ಪು, ದಿನವೂ ಅದೇ ಮರಳಿ ಬರುತ್ತದೆ. ಒಂದು ಕಾರ್ಡಿಗೆ ಒಂದು ಶಬ್ದ, ಒಂದು ಓದು ಸಾಕು. ಮುಂಬದಿಗೆ ಚಿಕ್ಕ ವಾಕ್ಯ, ಹಿಂಬದಿಗೆ ಹಿರಗನ, ಕನ್ನಡ ಅರ್ಥ, ಧ್ವನಿ. ದಿನಕ್ಕೆ 5 ಹೊಸ ಶಬ್ದ ಮೀರಬೇಡಿ. ಅಷ್ಟಕ್ಕೇ ಎರಡು ವಾರದಲ್ಲಿ ಹಳೆಯ ಕಾರ್ಡುಗಳ ಸರದಿ ಬೆಳೆಯುತ್ತದೆ. ಈ ಕಂಜಿಯ ಎಲ್ಲ ಶಬ್ದಗಳನ್ನೂ ಒಂದೇ ದಿನ ಸೇರಿಸಬೇಡಿ, ಒಂದರ ಓದು ಇನ್ನೊಂದನ್ನು ತಿನ್ನುತ್ತದೆ.

ಎರೆಹೊಲ (ಯಾದಗಿರಿ):

ಇದು ಕಡೀ ಪ್ರಶ್ನೆ. ಈ ಕಂಜಿ ಮುಂದ ‘ವಸ್ತು’ ಅನ್ನೋ ಕಂಜಿ ಬಂದ್ರ ನಿಘಂಟು ‘ಸೇಬುತ್ಸು’ ಅಂತನೂ ಕೊಡ್ತದ, ‘ನಮಮೊನೊ’ ಅಂತನೂ ಕೊಡ್ತದ. ಬಾಲ ಇಲ್ಲ, ಪಕ್ಕದ ಕಂಜಿನೂ ಒಂದೇ. ಆವಾಗ ಏನ್ ಮಾಡಬೇಕು? ‘ಕಿ’ ಬಗ್ಗೆ ಯಾರೂ ಹೇಳಲಿಲ್ಲ.

ಭೀಮೆಯ ದಂಡೆ (ಕಲಬುರಗಿ):

ಅಲ್ಲಿ ಸಂದರ್ಭವೇ ಗತಿ, ಆದರೆ ಸಂದರ್ಭಗಳು ತೀರ ಬೇರೆ. ‘ಸೇಬುತ್ಸು’ ಜೀವಿ, ಶಾಲೆಯಲ್ಲಿ ಜೀವಶಾಸ್ತ್ರ. ‘ನಮಮೊನೊ’ ಬೇಯಿಸದ ಮೀನು, ಕೆನೆಯ ತಿಂಡಿಯಂಥ ಬೇಗ ಕೆಡುವ ಆಹಾರ. ಪಾಠಪುಸ್ತಕದಲ್ಲಿ ಕಂಡರೆ ಮೊದಲನೆಯದು, ಪಾರ್ಸಲ್ ಡಬ್ಬಿಯ ಮೇಲೆ ಕಂಡರೆ ಎರಡನೆಯದು. ಗೊಂದಲ ಆಗದಿರಲೆಂದು ಡಬ್ಬಿಯ ಮೇಲೆ ಪೂರ್ತಿ ಕನದಲ್ಲೇ (ಹಿರಗನ ಅಥವಾ ಕತಕನ) ಬರೆಯುವುದುಂಟು. ಎರಡೂ ಭಾಗ ಒನ್ (ಸೇ + ಬುತ್ಸು) ಅಥವಾ ಎರಡೂ ಭಾಗ ಕುನ್ (ನಮ + ಮೊನೊ) ಆಗಿರುವುದನ್ನು ಗಮನಿಸಿ. ಒಂದು ಶಬ್ದದೊಳಗೆ ಓದುಗಳು ಸಾಮಾನ್ಯವಾಗಿ ಜಾತಿ ಬೆರೆಸುವುದಿಲ್ಲ. ಬೆರೆಸಿದ ಶಬ್ದಗಳೂ ಇವೆ, ‘ತಂಜೋಬಿ’ಯೇ ಅಂಥದ್ದು: ತಂಜೋ ಒನ್, ಬಿ ಕುನ್. ನಮ್ಮ ಅರಿಸಮಾಸದ ಹಾಗೆ.

‘ಕಿ’ ಎಂದರೆ ಇನ್ನೂ ಕೈ ತಾಗದ, ಬೆರಕೆ ಇಲ್ಲದ ಸ್ಥಿತಿ. ಕಿಇತೊ ಎಂದರೆ ಕಚ್ಚಾ ರೇಷ್ಮೆ ನೂಲು. ಕಿಜಿ ಎಂದರೆ ಹೊಲಿಯದ ಬಟ್ಟೆ, ಲಟ್ಟಿಸುವ ಮುಂಚಿನ ಹಿಟ್ಟಿನ ಮುದ್ದೆಗೂ ಅದೇ. ಈ ಎರಡು ಶಬ್ದ ತಿಳಿದರೆ ಬಹಳ ದಿನ ಸಾಗುತ್ತದೆ. ಪಟ್ಟಿಯ ಹೊರಗಿನ ಓದುಗಳೂ ಎದುರಾಗುತ್ತವೆ: ‘ಶಿಬಫು’ (ಹುಲ್ಲುಹಾಸು), ‘ಯಯೊಇ’ (ಹಳೆಯ ಪಂಚಾಂಗದ ಮೂರನೇ ತಿಂಗಳು). ಇವುಗಳಲ್ಲಿ ಓದನ್ನು ಕಂಜಿ ಕಂಜಿಗೆ ಹಂಚಿಲ್ಲ, ಇಡೀ ಶಬ್ದಕ್ಕೆ ಕೊಟ್ಟಿದ್ದಾರೆ.

ಊರು ಮತ್ತು ಮನುಷ್ಯರ ಹೆಸರಿನಲ್ಲಿ ಊಹೆಗೆ ಹೋಗಲೇಬೇಡಿ. ಟೋಕಿಯೊ ಆಡಳಿತ ಪ್ರದೇಶದ ಫುಸ್ಸ, ಗುನ್ಮದ ಕಿರ್ಯೂ, ಹ್ಯೋಗೊದ ಅಇಒಇ, ಮೂರೂ ಊರಿನ ಹೆಸರಿನ ಕೊನೆಗೆ ಇದೇ ಕಂಜಿ ಇದೆ, ಮೂರರಲ್ಲೂ ಓದು ಬೇರೆ. ಅದಕ್ಕೇ ಅಲ್ಲಿನ ಅರ್ಜಿಗಳಲ್ಲಿ ಹೆಸರಿನ ಮೇಲೆ ಫುರಿಗನ (ಓದು ತಿಳಿಸುವ ಪುಟ್ಟ ಕನ ಅಕ್ಷರ) ಬರೆಯಲು ಒಂದು ಸಾಲು ಬಿಟ್ಟಿರುತ್ತಾರೆ.

ಶಹಾಬಾದಿ ಫರಸಿ (ಕಲಬುರಗಿ):

ಇನ್ನೊಂದು ಹೇಳೂದು ಉಳದಿತ್ತು. ‘ಇಕಿರು’ ಕ್ರಿಯಾಪದ ‘ರು’ ಅಂತ ಮುಗೀತದಂತ ‘ಇಕಿತ್ತೆ’ ಅಂತ ರೂಪ ಮಾಡಬ್ಯಾಡ್ರಿ. ಅದು ‘ರು’ ಬಿದ್ದುಹೋಗೋ ಗುಂಪಿಂದು: ಇಕಿತೆ (ಬದುಕಿ), ಇಕಿನಾಯ್ (ಬದುಕಂಗಿಲ್ಲ), ಇಕಿಮಸು (ಬದುಕ್ತೀನಿ). ಉಮರೆರು, ಹಎರು ಸೈತ ಹಂಗೇ: ಉಮರೆತೆ, ಹಎತೆ. ‘ಉಮು’ ಬ್ಯಾರೆ ಗುಂಪು: ಉಂದೆ, ಉಮನಾಯ್. ಈ ‘ಉಮನಾಯ್’ದಾಗ ಬಾಲ ‘ಮ’ದಿಂದ ಶುರು ಆಗ್ತದ, ‘ಉಮರೆರು’ದಾಗೂ ‘ಮ’ದಿಂದನೇ. ಕಂಜಿ ಓದು ಎರಡರಾಗೂ ‘ಉ’, ಅದ್ರಾಗ ತಪ್ಪಿಲ್ಲ, ಆದ್ರ ಅರ್ಥ ಒಂದು ಹಡಿಯೋದು, ಒಂದು ಹುಟ್ಟೋದು. ‘ಮ’ ಆದಮ್ಯಾಲೆ ‘ರೆ’ ಅದನೋ ಇಲ್ಲೋ ಅಂತ ಇನ್ನೊಂದಕ್ಷರ ಮುಂದ ನೋಡಿ ಉತ್ತರ ಗುರುತು ಮಾಡ್ರಿ.